ದನಿಗೆ ಒಪ್ಪಿದ ಪಾತ್ರ, ಮೈಗೆ ಒಪ್ಪಲಿಲ್ಲ: ವಿಲಿಯಂ ಕಾನ್ರಾಡ್ ಎಂಬ ನಟನ ಕಥೆ

1955ರ ಸೆಪ್ಟೆಂಬರಿನಿಂದ 1961ರ ಜೂನ್‌ವರೆಗೆ ಅಮೆರಿಕದಲ್ಲಿ ಒಬ್ಬನೇ ಮಾರ್ಷಲ್ ಇಬ್ಬರಾಗಿದ್ದ. ‘ಗನ್‌ಸ್ಮೋಕ್’ ಎಂಬ ಧಾರಾವಾಹಿಯಲ್ಲಿ ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿ ಎಂಬ ಧೂಳು ತುಂಬಿದ ಊರನ್ನು ಕಾಯುವ ಮ್ಯಾಟ್ ಡಿಲನ್ ಅವನು. ಟಿವಿ ಹಾಕಿದರೆ ಆರೂವರೆ ಅಡಿ ಮೀರಿದ ಜೇಮ್ಸ್ ಆರ್ನೆಸ್ ಬಾಗಿಲಿಗೆ ತಲೆ ತಗಲುವ ಹಾಗೆ ಬಂದು ನಿಲ್ಲುತ್ತಿದ್ದ. ಅದೇ ವಾರ, ಅದೇ ಸಿಬಿಎಸ್ ಸಂಸ್ಥೆಯ ರೇಡಿಯೋ ತಿರುಗಿಸಿದರೆ ಅದೇ ಡಿಲನ್ ಬೇರೆ ಕಂಠದಲ್ಲಿ ಮಾತಾಡುತ್ತಿದ್ದ. ಆ ಕಂಠ ವಿಲಿಯಂ ಕಾನ್ರಾಡ್‌ನದು. ಊರು ಅದೇ, ಜನ ಅವರೇ, ಎಷ್ಟೋ ಸಲ ಕಥೆಯೂ ಅದೇ.

ರೇಡಿಯೋದಲ್ಲಿ ಪಾತ್ರವನ್ನು ಕಟ್ಟಿ ನಿಲ್ಲಿಸಿದವನನ್ನು ಬಿಟ್ಟು ಟಿವಿಯವರು ಹೊಸಬನನ್ನು ಯಾಕೆ ತಂದರು? ಎಲ್ಲರೂ ಹೇಳುವ ಉತ್ತರ ಒಂದಿದೆ: ಕಾನ್ರಾಡ್ ದಪ್ಪಗಿದ್ದ, ಎತ್ತರವೂ ಸಾಲದು, ಕುದುರೆ ಹತ್ತಿದರೆ ನೋಡುವ ಹಾಗಿರುತ್ತಿರಲಿಲ್ಲ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ಉತ್ತರ ಬೇಕಾದರೆ ಆ ಕಾಲದ ರೇಡಿಯೋ ನಟ ಅನ್ನುವವನು ದಿನಾ ಮಾಡುತ್ತಿದ್ದ ಕೆಲಸ ಏನು, ಟಿವಿ ಬಂದಾಗ ಆ ಕೆಲಸದಲ್ಲಿ ಯಾವುದು ಉಳಿಯಿತು, ಯಾವುದು ಕಳಚಿಬಿತ್ತು ಅಂತ ನೋಡಬೇಕು. ಅದಕ್ಕೆ ಕಾನ್ರಾಡ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಆತ ಹುಟ್ಟಿದ್ದು 1920ರ ಸೆಪ್ಟೆಂಬರ್ 27ರಂದು, ಕೆಂಟಕಿಯ ಲೂಯಿವಿಲ್‌ನಲ್ಲಿ. ಮನೆಯಲ್ಲಿಟ್ಟ ಹೆಸರು ಜಾನ್ ವಿಲಿಯಂ ಕ್ಯಾನ್. ಅಪ್ಪ ಅಮ್ಮ ಸಿನಿಮಾ ಟಾಕೀಸ್ ಇಟ್ಟುಕೊಂಡಿದ್ದವರು. ಕುಟುಂಬ ದಕ್ಷಿಣ ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ಹುಡುಗ ಫುಲರ್ಟನ್ ಜೂನಿಯರ್ ಕಾಲೇಜಿನಲ್ಲಿ ನಾಟಕ, ಸಾಹಿತ್ಯ ಓದಿದ. ಲಾಸ್ ಏಂಜಲಿಸ್‌ನ ಕೆಎಂಪಿಸಿ ನಿಲಯದಲ್ಲಿ ಕೆಲಸಕ್ಕೆ ಸೇರಿ ಉದ್ಘೋಷಣೆ, ಬರವಣಿಗೆ, ನಿರ್ದೇಶನ ಎಲ್ಲದಕ್ಕೂ ಕೈ ಹಾಕಿದ. ಅಷ್ಟರಲ್ಲಿ ಮಹಾಯುದ್ಧ. 1943ರಲ್ಲಿ ಸೇನೆಯಲ್ಲಿ ಯುದ್ಧವಿಮಾನದ ಪೈಲಟ್ ಆದ, ಕ್ಯಾಪ್ಟನ್ ದರ್ಜೆಗೆ ಏರಿದ. ಸೇವೆ ಮುಗಿಯುವ ಹೊತ್ತಿಗೆ ಆತ ಇದ್ದದ್ದು ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೋ ಸೇವೆಯಲ್ಲಿ.

ಯುದ್ಧ ಮುಗಿಸಿ ಬಂದವನಿಗೆ ಹಾಲಿವುಡ್‌ನ ರೇಡಿಯೋ ಸ್ಟುಡಿಯೋಗಳಲ್ಲಿ ಕೆಲಸಕ್ಕೆ ಬರವೇ ಇರಲಿಲ್ಲ. ತಾನು ಸುಮಾರು 7,500 ರೇಡಿಯೋ ಪಾತ್ರ ಮಾಡಿರಬಹುದು ಎಂದು ಆಮೇಲೆ ಆತನೇ ಅಂದಾಜು ಹೇಳಿದ್ದುಂಟು. ಹದಿನೈದು ವರ್ಷ ಅಂತ ಇಟ್ಟುಕೊಂಡು ಭಾಗಿಸಿ ನೋಡಿ, ವಾರಕ್ಕೆ ಹತ್ತರ ಹತ್ತಿರ ಬರುತ್ತದೆ. ಬಡಾಯಿ ಅನ್ನಿಸುತ್ತದೆ. ಆದರೆ ರೇಡಿಯೋ ನಾಟಕ ತಯಾರಾಗುತ್ತಿದ್ದ ರೀತಿ ಗೊತ್ತಾದರೆ ಅದು ಅಸಾಧ್ಯವಲ್ಲ ಅಂತಲೂ ಅನ್ನಿಸುತ್ತದೆ.

ಅರ್ಧ ಗಂಟೆಯ ನಾಟಕಕ್ಕೆ ನಟರು ಸೇರುತ್ತಿದ್ದದ್ದೇ ಪ್ರಸಾರದ ದಿನ ಅಥವಾ ಹಿಂದಿನ ದಿನ. ಮೇಜಿನ ಸುತ್ತ ಕೂತು ಒಂದು ಸಲ ಓದು. ನಿರ್ದೇಶಕನ ಕೈಯಲ್ಲಿ ಸ್ಟಾಪ್‌ವಾಚು. ಆಮೇಲೆ ಮೈಕಿನ ಮುಂದೆ ಒಂದು ತಾಲೀಮು, ಸೌಂಡ್ ಎಫೆಕ್ಟ್ ಮತ್ತು ಸಂಗೀತ ಸೇರಿಸಿ ಇನ್ನೊಂದು, ಆಮೇಲೆ ನೇರ ಪ್ರಸಾರ. ಬಾಯಿಪಾಠದ ಮಾತೇ ಇಲ್ಲ, ಸ್ಕ್ರಿಪ್ಟ್ ಕೈಯಲ್ಲೇ ಇರುತ್ತದೆ. ವೇಷವಿಲ್ಲ, ಮೇಕಪ್ಪಿಲ್ಲ, ಲೈಟ್ ಸರಿಮಾಡುವ ತನಕ ಕಾಯುವ ಕೆಲಸವಿಲ್ಲ. ಇಲ್ಲಿ ಮುಗಿಸಿ ಪಕ್ಕದ ಸ್ಟುಡಿಯೋಗೆ ಓಡಿದರೆ ಅಲ್ಲಿ ಇನ್ನೊಂದು ನಾಟಕ. ಒಂದೇ ನಾಟಕದಲ್ಲಿ ಮುಖ್ಯ ಪಾತ್ರದ ಜೊತೆಗೆ ಗಾಡಿ ಹೊಡೆಯುವವನ ಎರಡು ಮಾತು, ಗುಂಪಿನಲ್ಲಿ ಕೂಗುವ ಒಂದು ಮಾತು, ಇವೂ ಅದೇ ನಟನ ಪಾಲಿಗೆ ಬರುತ್ತಿದ್ದವು.

ಸುಲಭದ ಕೆಲಸ ಅಂದುಕೊಳ್ಳಬೇಡಿ. ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಗೊತ್ತು, ಕೋಣೆಯೊಳಗೆ ಬಂದವನು ಬಾಗಿಲ ಬಳಿ ನಿಂತನೋ, ಮಂಚದ ಮೇಲೆ ಕೂತನೋ ಅನ್ನುವುದು ಕಿವಿಗೇ ತಿಳಿಯುತ್ತದೆ. ಅದು ಮೈಕಿನ ದೂರದ ಲೆಕ್ಕ. ಮನಸ್ಸಿನೊಳಗಿನ ಮಾತಾದರೆ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು ಉಸಿರಿನಲ್ಲಿ ಹೇಳಬೇಕು. ಹೊರಟು ಹೋಗುವವನಾದರೆ ಮಾತಾಡುತ್ತಲೇ ಮುಖ ಪಕ್ಕಕ್ಕೆ ತಿರುಗಿಸಿ ಹಿಂದೆ ಹೆಜ್ಜೆ ಇಡಬೇಕು. ಹೊಡೆತ ತಿಂದವನಾದರೆ ಹೊಡೆತದ ಸದ್ದು ಬೇರೆಯವನ ಕೈಯಲ್ಲಿರುತ್ತದೆ, ಉಸಿರು ಮಾತ್ರ ನಟನದು, ಎರಡೂ ಒಂದೇ ಕ್ಷಣಕ್ಕೆ ಬೀಳಬೇಕು. ಇಷ್ಟರ ನಡುವೆ ಕೈಯಲ್ಲಿರುವ ಕಾಗದ ಸರಬರ ಅನ್ನಕೂಡದು. ಅದಕ್ಕೇ ಹಾಳೆಗಳನ್ನು ಬಿಡಿಬಿಡಿಯಾಗಿ ಹಿಡಿದು, ಮುಗಿದದ್ದನ್ನು ಸದ್ದಿಲ್ಲದೆ ಸರಿಸುವುದು ಆ ಕಸುಬಿನ ಮೊದಲ ಪಾಠ.

ಕಾನ್ರಾಡ್‌ಗೆ ಪ್ರಕೃತಿ ಕೊಟ್ಟದ್ದು ಕೆಳಗಿನ ಸ್ಥಾಯಿಯ, ಗುಡುಗಿನ ಹಾಗೆ ಉರುಳುವ ಕಂಠ. ಅಂಥ ಕಂಠ ಇದ್ದವರು ಬೇರೆಯವರೂ ಇದ್ದರು. ಆತನ ಹೆಚ್ಚುಗಾರಿಕೆ ಎಂದರೆ ಅದನ್ನು ತಡೆದು ಹಿಡಿಯುವುದು. 1956ರಲ್ಲಿ ‘ಸಸ್ಪೆನ್ಸ್’ ಎಂಬ ಹೆಸರಾಂತ ಕಾರ್ಯಕ್ರಮದಲ್ಲಿ ಮೇಣದ ಗೊಂಬೆಗಳ ಸಂಗ್ರಹಾಲಯದಲ್ಲಿ ಒಬ್ಬಂಟಿಯಾಗಿ ರಾತ್ರಿ ಕಳೆಯುವ ಪತ್ರಕರ್ತನ ಕಥೆ ಬಂತು. ಅದರ ಎಲ್ಲ ಪಾತ್ರಗಳನ್ನೂ ಕಾನ್ರಾಡ್ ಒಬ್ಬನೇ ಮಾಡಿದ. ಒಬ್ಬನೇ ಇಬ್ಬರಾಗಿ ಮಾತಾಡುವುದು ಮಿಮಿಕ್ರಿಯವರಿಗೂ ಬರುತ್ತದೆ. ಇಲ್ಲಿ ಬೇಕಾಗಿದ್ದದ್ದು ಬೇರೆ: ಒಬ್ಬನ ಹೆದರಿಕೆ ಏರುತ್ತ ಹೋಗುವಾಗ ಇನ್ನೊಬ್ಬನ ತಣ್ಣನೆಯ ಮಾತು ಅದೇ ಗಂಟಲಿನಿಂದ ಬರಬೇಕು.

ದನಿ ಮತ್ತು ಮೈ ಬೇರೆಬೇರೆ ದಾರಿ ಹಿಡಿದ ಮೊದಲ ಸೂಚನೆ ಸಿಕ್ಕಿದ್ದು ‘ಗನ್‌ಸ್ಮೋಕ್’ ಟಿವಿಗೆ ಹೋಗುವುದಕ್ಕೂ ಮೊದಲೇ. 1948ರ ಜನವರಿಯಲ್ಲಿ ‘ಎಸ್ಕೇಪ್’ ಎಂಬ ಸಾಹಸ ನಾಟಕಗಳ ಸರಣಿಯಲ್ಲಿ ಬ್ರೆಜಿಲ್‌ನ ತೋಟಗಾರನೊಬ್ಬನ ಕಥೆ ಬಂತು. ಕೋಟ್ಯಂತರ ಇರುವೆಗಳ ದಂಡು ತೋಟದ ಮೇಲೆ ಏರಿ ಬರುತ್ತದೆ. ಓಡಿಹೋಗು ಎಂದು ಸರ್ಕಾರದ ಅಧಿಕಾರಿ ಬಂದು ಹೇಳುತ್ತಾನೆ. ತೋಟಗಾರ ಲೈನಿಂಗೆನ್ ಒಪ್ಪುವುದಿಲ್ಲ, ನಿಂತು ಹೋರಾಡುತ್ತಾನೆ. ರೇಡಿಯೋದಲ್ಲಿ ಲೈನಿಂಗೆನ್ ಆದವನು ಕಾನ್ರಾಡ್. 1954ರಲ್ಲಿ ಅದೇ ಕಥೆ ‘ದಿ ನೇಕೆಡ್ ಜಂಗಲ್’ ಹೆಸರಲ್ಲಿ ಸಿನಿಮಾ ಆಯಿತು. ಅದರಲ್ಲಿ ತೋಟಗಾರ ಚಾರ್ಲ್‌ಟನ್ ಹೆಸ್ಟನ್. ಕಾನ್ರಾಡ್‌ಗೂ ಪಾತ್ರ ಸಿಕ್ಕಿತು, ಓಡಿಹೋಗು ಅಂತ ಹೇಳುವ ಅಧಿಕಾರಿಯದು.

ಸಿನಿಮಾದವರಿಗೆ ಆತನ ಮೈ ಯಾವುದಕ್ಕೆ ಒಪ್ಪುತ್ತದೆ ಅನ್ನುವುದು 1946ರಲ್ಲೇ ತೀರ್ಮಾನವಾಗಿತ್ತು. ‘ದಿ ಕಿಲ್ಲರ್ಸ್’ ಚಿತ್ರದ ಮೊದಲ ದೃಶ್ಯದಲ್ಲಿ ಸಣ್ಣ ಊರಿನ ಹೋಟೆಲಿಗೆ ಇಬ್ಬರು ಬಾಡಿಗೆ ಕೊಲೆಗಾರರು ಬರುತ್ತಾರೆ. ಒಬ್ಬ ಚಾರ್ಲ್ಸ್ ಮೆಕ್‌ಗ್ರಾ, ಇನ್ನೊಬ್ಬ ಕಾನ್ರಾಡ್. ಕೌಂಟರಿನ ಮುಂದೆ ಕೂತು, ಊಟಕ್ಕೆ ಏನಿದೆ ಅಂತ ಕೇಳುತ್ತ ಹೋಟೆಲಿನವನ ಜೀವ ಹಿಂಡುತ್ತಾರೆ. ಒಂದು ಗುಂಡೂ ಹಾರುವುದಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಅಲ್ಲಿಂದ ಮುಂದೆ ಪರದೆಯ ಮೇಲೆ ಆತನ ಪಾಲಿಗೆ ಬಂದದ್ದು ಹೆಚ್ಚಾಗಿ ಖಳರು, ಪುಂಡರು, ಪೊಲೀಸರು.

ಈಗ ‘ಗನ್‌ಸ್ಮೋಕ್’. ಇದು ಶುರುವಾದದ್ದು 1952ರ ಏಪ್ರಿಲ್ 26ರಂದು, ಸಿಬಿಎಸ್ ರೇಡಿಯೋದಲ್ಲಿ. ಕಟ್ಟಿದವರು ನಿರ್ದೇಶಕ ನಾರ್ಮನ್ ಮ್ಯಾಕ್‌ಡಾನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್. ಅದುವರೆಗೆ ರೇಡಿಯೋದ ಕೌಬಾಯ್ ಕಥೆಗಳು ಮಕ್ಕಳಿಗೆ. ಬಿಳಿ ಕುದುರೆ, ಒಳ್ಳೆಯವನು ಗೆಲ್ಲುತ್ತಾನೆ, ಮಲಗು ಕಂದ. ಇವರಿಬ್ಬರಿಗೂ ದೊಡ್ಡವರ ಕಥೆ ಬೇಕಿತ್ತು. 1870ರ ದಶಕದ ಡಾಡ್ಜ್ ಸಿಟಿ, ಅಲ್ಲಿ ಸಾವು ಅಗ್ಗ, ನ್ಯಾಯ ದುಬಾರಿ. ಮಾರ್ಷಲ್ ಗೆದ್ದರೂ ಗೆದ್ದೆ ಅನ್ನಿಸಬಾರದು.

ಆ ಮಾರ್ಷಲ್ ಪಾತ್ರಕ್ಕೆ ಕಾನ್ರಾಡ್ ಬೇಡ ಎಂದು ಸಿಬಿಎಸ್‌ನಲ್ಲಿ ಮೊದಲು ತಕರಾರು ಎದ್ದಿತ್ತು. ಕಾರಣ, ಈ ದನಿ ಎಲ್ಲ ಕಾರ್ಯಕ್ರಮದಲ್ಲೂ ಕೇಳಿಸುತ್ತದೆ, ಜನರಿಗೆ ಹಳತಾಗಿದೆ. ಮೂರು ವರ್ಷದ ಆಮೇಲೆ ಟಿವಿಯಲ್ಲಿ ಬೇಡ ಅನ್ನಿಸಿದ್ದು ಆತನ ಆಕಾರ. ರೇಡಿಯೋದಲ್ಲಿ ಕಿವಿಗೆ ಅತಿಯಾದವನು, ಟಿವಿಯಲ್ಲಿ ಕಣ್ಣಿಗೆ ಒಗ್ಗದವನು. ರೇಡಿಯೋದಲ್ಲಿ ಮಾತ್ರ ಮ್ಯಾಕ್‌ಡಾನೆಲ್ ಹಟ ಗೆದ್ದಿತು.

ಕಾನ್ರಾಡ್‌ನ ಡಿಲನ್ ಹೇಗಿದ್ದ ಅನ್ನುವುದಕ್ಕೆ 1952ರ ಡಿಸೆಂಬರಿನ ‘ದಿ ಕ್ಯಾಬಿನ್’ ಎಂಬ ಕಂತು ಸಾಕು. ಹಿಮ ಸುರಿಯುತ್ತಿದೆ. ಡಿಲನ್ ದಾರಿ ತಪ್ಪಿ ಒಂದು ಗುಡಿಸಲಿನ ಬಾಗಿಲು ತಟ್ಟುತ್ತಾನೆ. ಒಳಗೆ ಇಬ್ಬರು ಕಳ್ಳರು, ಅವರ ಕೈಗೆ ಸಿಕ್ಕಿಬಿದ್ದ ಒಬ್ಬ ಹೆಂಗಸು. ಅವಳಿಗೆ ಏನಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವನಿಗೆ ತಿಳಿಯುತ್ತದೆ. ಕೊನೆಗೆ ಡಿಲನ್ ಅವಳಿಗೆ ಸಮಾಧಾನದ ನಾಲ್ಕು ಮಾತು ಹೇಳುತ್ತಾನೆ. ಆ ಮಾತಿನಲ್ಲಿ ಅವನಿಗೇ ನಂಬಿಕೆ ಇಲ್ಲ ಅನ್ನುವುದನ್ನು ಕಾನ್ರಾಡ್ ಎರಡು ಮಾತಿನ ನಡುವಿನ ಬಿಡುವಿನಲ್ಲಿ ಹೇಳಿಬಿಡುತ್ತಾನೆ. ಆಮೇಲಿನ ಟಿವಿ ಕಂತುಗಳನ್ನು ನಾನು ನೋಡಿದ್ದೇನೆ. ಆರ್ನೆಸ್ ಕೆಟ್ಟ ನಟನಲ್ಲ. ಆದರೆ ಆತನನ್ನು ನೋಡಿದಾಗ ಇನ್ನು ಊರಿಗೆ ಭಯವಿಲ್ಲ ಅನ್ನಿಸುತ್ತದೆ. ಕಾನ್ರಾಡ್‌ನನ್ನು ಕೇಳಿದಾಗ ಈ ಕೆಲಸ ಇವನನ್ನು ತಿನ್ನುತ್ತಿದೆ ಅನ್ನಿಸುತ್ತದೆ. ಇಬ್ಬರು ಡಿಲನ್‌ಗಳ ನಡುವೆ ಇರುವ ಅಂತರ ಇದು, ಸೊಂಟದ ಸುತ್ತಳತೆಯದ್ದಲ್ಲ.

ಸದ್ದಿನವರನ್ನು ಬಿಟ್ಟು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಟಾಮ್ ಹ್ಯಾನ್ಲಿ, ರೇ ಕೆಂಪರ್ ಮುಂತಾದವರು ಡಾಡ್ಜ್ ಸಿಟಿಯನ್ನು ಸದ್ದಿನಲ್ಲಿ ಕಟ್ಟಿದರು. ಮರದ ಹಲಗೆಯ ಮೇಲೆ ಬೂಟು, ಬೂಟಿನ ಹಿಮ್ಮಡಿಯ ಮುಳ್ಳುಚಕ್ರದ ಕಿಣಿಕಿಣಿ, ಎಲ್ಲೋ ದೂರದಲ್ಲಿ ಬೊಗಳುವ ನಾಯಿ, ಬೀದಿಯಲ್ಲಿ ಆಡುವ ಮಕ್ಕಳು. ಉಳಿದ ಕಾರ್ಯಕ್ರಮಗಳಲ್ಲಿ ಸದ್ದು ಬರುತ್ತಿದ್ದದ್ದು ಕಥೆಗೆ ಬೇಕಾದಾಗ ಮಾತ್ರ. ಇಲ್ಲಿ ಯಾರೂ ಮಾತಾಡದೆ ಹತ್ತು ಹೆಜ್ಜೆ ನಡೆದರೆ ಹತ್ತೂ ಹೆಜ್ಜೆ ಕೇಳಿಸುತ್ತಿದ್ದವು. ರೇಡಿಯೋದಲ್ಲಿ ಅಷ್ಟು ಹೊತ್ತು ಮಾತಿಲ್ಲದೆ ಬಿಡುವುದಕ್ಕೆ ಎದೆಗಾರಿಕೆ ಬೇಕು.

ರೇಡಿಯೋದಲ್ಲಿ ಡಿಲನ್‌ನ ಸಹಾಯಕ ಚೆಸ್ಟರ್ ಆದವನು ಪಾರ್ಲಿ ಬೇರ್, ಊರಿನ ಡಾಕ್ಟರ್ ಆದವನು ಹೋವರ್ಡ್ ಮೆಕ್‌ನಿಯರ್, ಹೆಂಡದಂಗಡಿಯ ಕಿಟ್ಟಿ ಆದವಳು ಜಾರ್ಜಿಯಾ ಎಲಿಸ್. ಹೆಣ ಕಂಡರೆ ಖುಷಿಪಡುವ ಆ ಡಾಕ್ಟರಿಗೆ ‘ಚಾರ್ಲ್ಸ್ ಆಡಮ್ಸ್’ ಅಂತ ಹೆಸರು ಸೂಚಿಸಿದ್ದೇ ಕಾನ್ರಾಡ್, ಭೂತಪ್ರೇತಗಳ ತಮಾಷೆ ಚಿತ್ರ ಬರೆಯುತ್ತಿದ್ದ ಚಾರ್ಲ್ಸ್ ಆಡಮ್ಸ್ ಎಂಬ ವ್ಯಂಗ್ಯಚಿತ್ರಕಾರನ ನೆನಪಿನಲ್ಲಿ.

1955ರ ಸೆಪ್ಟೆಂಬರ್ 10ರಂದು ಟಿವಿಯ ‘ಗನ್‌ಸ್ಮೋಕ್’ ಶುರುವಾಯಿತು. ಕಾನ್ರಾಡ್ ಸೇರಿ ರೇಡಿಯೋದ ಈ ನಾಲ್ವರನ್ನೂ ಕರೆದು ಶಾಸ್ತ್ರಕ್ಕೆ ಒಂದು ಪರೀಕ್ಷೆ ಮಾಡಿದರು, ನಾಲ್ವರನ್ನೂ ಬಿಟ್ಟರು. ದಪ್ಪದ ಕಾರಣ ಅರ್ಧಸತ್ಯ ಅಂದದ್ದು ಇದಕ್ಕೇ. ಮೆಕ್‌ನಿಯರ್ ದಪ್ಪಗಿರಲಿಲ್ಲ, ಬೇರ್ ಕೂಡ ನೋಡಲಾಗದ ಹಾಗೇನೂ ಇರಲಿಲ್ಲ. ಮುಂದೆ ಇಬ್ಬರೂ ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಟಿವಿ ಧಾರಾವಾಹಿಯಲ್ಲಿ ಒಬ್ಬ ಕ್ಷೌರಿಕನಾಗಿ, ಇನ್ನೊಬ್ಬ ಮೇಯರ್ ಆಗಿ ಮನೆಮಾತಾದರು. ಹಾಗಾದರೆ ನಾಲ್ವರನ್ನೂ ಬಿಟ್ಟದ್ದು ಯಾಕೆ?

ಎಲ್ಲ ರೇಡಿಯೋ ನಟರಿಗೂ ಹೀಗಾಗಲಿಲ್ಲ ಅನ್ನುವುದನ್ನು ಮೊದಲು ನೋಡಬೇಕು. ಜ್ಯಾಕ್ ಬೆನ್ನಿ, ಈವ್ ಆರ್ಡನ್, ಬರ್ನ್ಸ್ ಮತ್ತು ಆ್ಯಲನ್ ದಂಪತಿ, ಇವರೆಲ್ಲ ರೇಡಿಯೋದಿಂದ ಟಿವಿಗೆ ಅಂಗಳದಿಂದ ಪಡಸಾಲೆಗೆ ಬಂದಷ್ಟು ಸಲೀಸಾಗಿ ಬಂದರು. ಇವರು ಹಾಸ್ಯದವರು. ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡು ರೇಡಿಯೋ ಕಾರ್ಯಕ್ರಮ ಮಾಡಿದವರು, ರಂಗದಲ್ಲಿ, ಸಿನಿಮಾದಲ್ಲಿ ಮುಖ ತೋರಿಸಿದ್ದವರು. ಕಾರ್ಯಕ್ರಮವೇ ಅವರ ಹೆಸರಿನ ಮೇಲೆ ನಿಂತಿತ್ತು. ಬೆನ್ನಿ ಇಲ್ಲದೆ ಬೆನ್ನಿಯ ಕಾರ್ಯಕ್ರಮ ಇಲ್ಲ. ನಾಟಕದ ನಟರ ಪಾಡು ಬೇರೆ. ಅವರು ವಾರಕ್ಕೆ ಹತ್ತು ಕಡೆ ಹತ್ತು ಜನರಾಗುವವರು. ದನಿ ಗೊತ್ತು, ಮುಖ ಗೊತ್ತಿಲ್ಲ.

ಇನ್ನೊಂದು, ಮಾಲೀಕತ್ವ. ಜ್ಯಾಕ್ ವೆಬ್ ಎಂಬ ರೇಡಿಯೋ ನಟ 1949ರಲ್ಲಿ ‘ಡ್ರ್ಯಾಗ್ನೆಟ್’ ಎಂಬ ಪೊಲೀಸ್ ಸರಣಿ ಶುರುಮಾಡಿದ. 1951ರ ಕೊನೆಗೆ ಅದನ್ನು ಟಿವಿಗೆ ತಂದ, ತಾನೇ ನಾಯಕನಾಗಿ. ವೆಬ್ ಏನೂ ಸುರಸುಂದರನಲ್ಲ. ಆದರೆ ಕಥೆ, ನಿರ್ದೇಶನ, ನಿರ್ಮಾಣ ಎಲ್ಲದರ ಲಗಾಮು ಅವನ ಕೈಯಲ್ಲಿತ್ತು, ಅವನನ್ನು ಬಿಡು ಎಂದು ಹೇಳುವವರು ಯಾರು? ‘ಗನ್‌ಸ್ಮೋಕ್’ ಸಿಬಿಎಸ್‌ನ ಸೊತ್ತು. ಟಿವಿಗೆ ಹೋಗುವಾಗ ಸಂಸ್ಥೆ ಚಾರ್ಲ್ಸ್ ಮಾರ್ಕ್ವಿಸ್ ವಾರನ್ ಎಂಬ ಸಿನಿಮಾ ನಿರ್ದೇಶಕನನ್ನು ಕರೆತಂದಿತು. ರೇಡಿಯೋ ಕಟ್ಟಿದ ಮ್ಯಾಕ್‌ಡಾನೆಲ್‌ಗೇ ಮೊದಲು ಎರಡನೇ ಸ್ಥಾನ. ನಿರ್ದೇಶಕನಿಗೇ ಹಿಡಿತವಿಲ್ಲದ ಕಡೆ ನಟನ ಮಾತು ಎಲ್ಲಿ ನಡೆದೀತು?

ಮೂರನೆಯದಾಗಿ ಆಕಾರ. ಇದನ್ನು ತಳ್ಳಿಹಾಕಲಾಗದು. ಇದೇ ಪಾತ್ರಕ್ಕೆ ಪರೀಕ್ಷೆ ಕೊಟ್ಟ ರೇಮಂಡ್ ಬರ್ ಕೂಡ ಭಾರಿ ಆಳು ಅನ್ನುವ ಕಾರಣಕ್ಕೆ ಹಿಂದಿರುಗಬೇಕಾಯಿತು. 1956ರಲ್ಲಿ ಮ್ಯಾಕ್‌ಡಾನೆಲ್ ರೇಡಿಯೋಗೆ ‘ಫೋರ್ಟ್ ಲಾರಮಿ’ ಎಂಬ ಇನ್ನೊಂದು ಸರಣಿ ಮಾಡಿದಾಗ ನಾಯಕನನ್ನಾಗಿ ಆರಿಸಿದ್ದು ಅದೇ ಬರ್‌ನನ್ನು. 1957ರಲ್ಲಿ ಬರ್ ಟಿವಿಯಲ್ಲಿ ‘ಪೆರಿ ಮೇಸನ್’ ಆಗಿ ಗೆದ್ದ, ಕುದುರೆ ಹತ್ತಬೇಕಿಲ್ಲದ ವಕೀಲನಾಗಿ.

ಟಿವಿಯ ‘ಗನ್‌ಸ್ಮೋಕ್’ ಇಪ್ಪತ್ತು ವರ್ಷ ನಡೆದು 635 ಕಂತು ಕಂಡಿತು. ರೇಡಿಯೋದ್ದು 1961ರ ಜೂನ್ 18ಕ್ಕೆ ನಿಂತಿತು, ಅಷ್ಟರಲ್ಲಿ ಸುಮಾರು 480 ಕಂತುಗಳಾಗಿದ್ದವು. ಟಿವಿಯ ಮಾರ್ಷಲ್‌ಗೆ ಕಾನ್ರಾಡ್ 1963ರಲ್ಲೊಮ್ಮೆ, 1971ರಲ್ಲೊಮ್ಮೆ ಕಂತು ನಿರ್ದೇಶಿಸಿಕೊಟ್ಟದ್ದೂ ಇದೆ.

ಟಿವಿ ಆತನ ಮುಖವನ್ನು ಬೇಡ ಅಂದಿತ್ತು, ದನಿಯನ್ನಲ್ಲ. 1959ರಲ್ಲಿ ಶುರುವಾದ ರಾಕಿ ಎಂಬ ಅಳಿಲು, ಬುಲ್‌ವಿಂಕಲ್ ಎಂಬ ಕಡವೆಯ ಕಾರ್ಟೂನಿನಲ್ಲಿ ಆತ ನಿರೂಪಕ. ಡಿಲನ್‌ನ ಆ ತೂಕದ ದನಿ ಇಲ್ಲಿ ಏರುಸ್ಥಾಯಿಗೆ ಹತ್ತಿ, ಉಸಿರು ಬಿಡದೆ ಓಡುತ್ತದೆ. ಕಾರ್ಟೂನಿನ ಪಾತ್ರಗಳು ಕಥೆ ನಿಲ್ಲಿಸಿ ನಿರೂಪಕನ ಜೊತೆಗೇ ವಾದಕ್ಕಿಳಿಯುತ್ತವೆ. ಡಿಲನ್ ಕೇಳಿದವರು ಇದನ್ನು ಕೇಳಿದರೆ ಇಬ್ಬರೂ ಒಬ್ಬನೇ ಎಂದು ನಂಬುವುದು ಕಷ್ಟ. ಆಮೇಲೆ ‘ದಿ ಫ್ಯುಜಿಟಿವ್’. ಮಾಡದ ಕೊಲೆಯ ಆರೋಪ ಹೊತ್ತು ಊರೂರು ಅಲೆಯುವ ಡಾಕ್ಟರನ ಕಥೆ, 1963ರಿಂದ 1967ರವರೆಗೆ. ವಾರವಾರ ಅವನ ಸ್ಥಿತಿಯನ್ನು ಹೇಳುವ ಗಂಭೀರ ದನಿ ಕಾನ್ರಾಡ್‌ನದು. 1967ರ ಆಗಸ್ಟ್ 29ರ ಕೊನೆಯ ಕಂತು ಅಲ್ಲಿಯವರೆಗಿನ ಅಮೆರಿಕದ ಟಿವಿಯಲ್ಲೇ ಅತಿ ಹೆಚ್ಚು ಜನ ನೋಡಿದ ಧಾರಾವಾಹಿ ಕಂತಾಯಿತು. ಓಟ ಮುಗಿಯಿತು ಎಂದು ದೇಶಕ್ಕೆ ಹೇಳಿದ್ದು ಮುಖ ಕಾಣಿಸದ ಆ ಮನುಷ್ಯ.

ಈ ನಡುವೆ ವಾರ್ನರ್ ಬ್ರದರ್ಸ್‌ಗಾಗಿ 1965ರಲ್ಲಿ ಮೂರು ಥ್ರಿಲ್ಲರ್ ಚಿತ್ರ ನಿರ್ದೇಶಿಸಿದ, ದೊಡ್ಡ ಹೆಸರೇನೂ ಬರಲಿಲ್ಲ. ಅಲ್ಲಿಂದ ಬಂದ ಒಂದು ಉಡುಗೊರೆಯ ಕಥೆ ಮಾತ್ರ ಹೇಳಲೇಬೇಕು. ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರದಲ್ಲಿ ಎಲ್ಲರೂ ಹುಡುಕಾಡುವ ಕಪ್ಪು ಹಕ್ಕಿಯ ಸೀಸದ ಪ್ರತಿಮೆಯೊಂದನ್ನು ಆ ಸ್ಟುಡಿಯೋದ ಒಡೆಯ ಜ್ಯಾಕ್ ವಾರ್ನರ್ ಆತನಿಗೆ ಕೊಟ್ಟಿದ್ದ. ಕಾನ್ರಾಡ್ ತೀರಿಕೊಂಡ ಮೇಲೆ 1994ರ ಡಿಸೆಂಬರಿನಲ್ಲಿ ಅದು ಹರಾಜಿನಲ್ಲಿ 3,98,500 ಡಾಲರಿಗೆ ಹೋಯಿತು.

‘ದಿ ಫ್ಯುಜಿಟಿವ್’ ನಿರ್ಮಿಸಿದವನು ಕ್ವಿನ್ ಮಾರ್ಟಿನ್. 1971ರಲ್ಲಿ ಆತನೇ ‘ಕ್ಯಾನನ್’ ಎಂಬ ಪತ್ತೇದಾರಿ ಧಾರಾವಾಹಿ ತಂದ, ನಾಯಕ ಕಾನ್ರಾಡ್. ಆಗ ಕಾನ್ರಾಡ್‌ಗೆ ಐವತ್ತು ವರ್ಷ. ಹದಿನಾರು ವರ್ಷದ ಹಿಂದೆ ಇದಕ್ಕಿಂತ ಎಷ್ಟೋ ತೆಳ್ಳಗಿದ್ದಾಗ ಬೇಡವಾದ ಮೈ ಈಗ ಹೇಗೆ ನಡೆಯಿತು? ಟಿವಿಯ ಲೆಕ್ಕ ಬದಲಾಗಿತ್ತು. ಪತ್ತೇದಾರರು ತುಂಬಿ ತುಳುಕುತ್ತಿದ್ದ ಕಾಲ, ಒಬ್ಬನಿಂದ ಇನ್ನೊಬ್ಬನನ್ನು ಬೇರೆಯಾಗಿ ತೋರಿಸಲು ಏನಾದರೊಂದು ಗುರುತು ಬೇಕಿತ್ತು. ‘ಐರನ್‌ಸೈಡ್’ ಗಾಲಿಕುರ್ಚಿಯಲ್ಲಿ ಕೂತ (ಮತ್ತೆ ಅದೇ ರೇಮಂಡ್ ಬರ್), ಕೊಲಂಬೊ ಸುಕ್ಕುಗಟ್ಟಿದ ಕೋಟು ತೊಟ್ಟ, ಕೊಜಾಕ್ ಬೋಳುತಲೆಯಲ್ಲಿ ಬಂದ. ಫ್ರ್ಯಾಂಕ್ ಕ್ಯಾನನ್ ದಪ್ಪ, ಊಟದ ರಸಿಕ, ದೊಡ್ಡ ಲಿಂಕನ್ ಕಾರಿನಲ್ಲಿ ಓಡಾಡುವ ಮಾಜಿ ಪೊಲೀಸ್. ಏದುಸಿರು ಬಿಡುತ್ತ ಕಳ್ಳನ ಹಿಂದೆ ಓಡುವುದನ್ನು ಜನ ಇಷ್ಟಪಟ್ಟು ನೋಡಿದರು. 1976ರವರೆಗೆ ನಡೆಯಿತು. ಅದೂ ಸಿಬಿಎಸ್‌ನಲ್ಲೇ. 1971ರಿಂದ 1975ರವರೆಗೆ ಆರ್ನೆಸ್‌ನ ಡಿಲನ್ನೂ ಕಾನ್ರಾಡ್‌ನ ಕ್ಯಾನನ್ನೂ ಒಂದೇ ವಾಹಿನಿಯಲ್ಲಿ ಬರುತ್ತಿದ್ದರು.

ಕ್ಯಾನನ್ ಆದ ಮೇಲೆ ಮೈಯೇ ಆತನ ಬಂಡವಾಳವಾಯಿತು. 1981ರಲ್ಲಿ ಮನೆ ಬಿಟ್ಟು ಕದಲದ ಸ್ಥೂಲಕಾಯದ ಪತ್ತೇದಾರ ನೀರೋ ವುಲ್ಫ್ ಆದ, ಅದು ಬೇಗ ಮುಗಿಯಿತು. 1987ರಲ್ಲಿ ಬಂದ ‘ಜೇಕ್ ಆ್ಯಂಡ್ ದಿ ಫ್ಯಾಟ್‌ಮನ್’ 1992ರವರೆಗೆ ನಡೆಯಿತು. ಅದರ ಹೆಸರಿನಲ್ಲಿರುವ ದಪ್ಪ ಮನುಷ್ಯ ಆತನೇ. ಈ ನಡುವೆ 1980ರಲ್ಲಿ ಲೋನ್ ರೇಂಜರ್ ಎಂಬ ಕೌಬಾಯ್ ವೀರನ ಕಾರ್ಟೂನಿನಲ್ಲಿ ಆ ವೀರನಿಗೆ ದನಿ ಕೊಟ್ಟಾಗ ಹೆಸರು ಹಾಕಿಸಿಕೊಂಡದ್ದು ‘ಜೆ. ಡಾರ್ನಾಕ್’ ಎಂದು. ಇಂಗ್ಲಿಷಿನಲ್ಲಿ ಕಾನ್ರಾಡ್ ಎಂದು ಬರೆದು ಹಿಂದುಮುಂದಾಗಿ ಓದಿದರೆ ಅದೇ ಬರುತ್ತದೆ. ಕೌಬಾಯ್ ವೀರನಾಗಲು ಕಡೆಗೂ ಮುಖ ಕಾಣದ ದಾರಿಯೇ ಸಿಕ್ಕಿತು ಅನ್ನಿ.

1994ರ ಫೆಬ್ರವರಿ 11ರಂದು ಲಾಸ್ ಏಂಜಲಿಸ್‌ನಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡಾಗ ಆತನಿಗೆ 73 ವರ್ಷ. 1997ರಲ್ಲಿ ಅಮೆರಿಕದ ರೇಡಿಯೋ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿತು.

ರೇಡಿಯೋದ ‘ಗನ್‌ಸ್ಮೋಕ್’ ಕಂತುಗಳಲ್ಲಿ ಹೆಚ್ಚಿನವು ಧ್ವನಿಮುದ್ರಣದಲ್ಲಿ ಉಳಿದಿವೆ, ಹುಡುಕಿದರೆ ಅಂತರ್ಜಾಲದಲ್ಲಿ ಸಿಗುತ್ತವೆ. ಶುರುಮಾಡುವುದಾದರೆ ‘ದಿ ಕ್ಯಾಬಿನ್’ ಕೇಳಿ, ಅದಾದ ಮೇಲೆ ‘ಎಸ್ಕೇಪ್’ ಸರಣಿಯ ಇರುವೆಗಳ ಕಥೆ. ಅಮೆರಿಕದ ಪಶ್ಚಿಮ ಸೀಮೆಯ ಇಂಗ್ಲಿಷು ಮೊದಲ ಹತ್ತು ನಿಮಿಷ ತೊಡಕೆನಿಸಬಹುದು, ಇಯರ್‌ಫೋನ್ ಹಾಕಿಕೊಂಡರೆ ಅನುಕೂಲ. ಟಿವಿಯದ್ದನ್ನು ಮೊದಲು ನೋಡಿಬಿಟ್ಟರೆ ಆರ್ನೆಸ್‌ನ ಮುಖ ಕಣ್ಣಿಂದ ಸರಿಯುವುದಿಲ್ಲ, ಅದಕ್ಕೇ ರೇಡಿಯೋದ್ದು ಮೊದಲಿರಲಿ.